ಕೋವಿ ಹಿಡಿದವರು ಬೇಲಿ ದಾಟಿದರೆ

ಮಾನ್ಯರೇ,

ಬೇಟೆಗಾರರು ನಿಮ್ಮ ಜಮೀನಿಗೆ ನುಗ್ಗುತ್ತಿದ್ದಾರೆ, ರಾತ್ರಿ ಗುಂಡಿನ ಸದ್ದು ಕೇಳುತ್ತದೆ, ಬೆಳಿಗ್ಗೆ ಖಾಲಿ ಕಾಡತೂಸು ಸಿಗುತ್ತವೆ, ಮೊನ್ನೆ ಸಾಕುನಾಯಿಯೇ ತಂತಿಯ ಉರುಳಿಗೆ ಸಿಕ್ಕಿಬಿತ್ತು ಎಂದು ಬರೆದಿದ್ದೀರಿ. ರಾತ್ರಿ ಕಾದು ಕುಳಿತು ಅವರನ್ನು ಹಿಡಿಯಬಹುದೇ, ಬೇಲಿಗೆ ವಿದ್ಯುತ್ ಹಾಯಿಸಿ ಬುದ್ಧಿ ಕಲಿಸಬಹುದೇ ಎಂದು ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಖಂಡಿತ ಬೇಡ. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಟ್ಟರೆ ಅದು ಬೇಟೆಗಾರನನ್ನೇ ಹುಡುಕಿ ಹೊಡೆಯುವುದಿಲ್ಲ. ನಿಮ್ಮ ಆಳು, ನೆರೆಮನೆಯ ಹುಡುಗ, ಕಡೆಗೆ ನೀವೇ ಸಾಯಬಹುದು. ಇಂಗ್ಲೆಂಡಿನ ಜಮೀನುದಾರರು ಕಳ್ಳಬೇಟೆ ತಡೆಯಲೆಂದು, ಎಡವಿದರೆ ತಾನೇ ಸಿಡಿಯುವ ಕೋವಿಗಳನ್ನು ಕಾಡಿನಲ್ಲಿ ಹೂಡುತ್ತಿದ್ದರು. 1827ರಲ್ಲಿ ಅಲ್ಲಿನ ಸಂಸತ್ತು ಅದಕ್ಕೆ ಕಾನೂನಿನ ಕಡಿವಾಣ ಹಾಕಿತು. ಅಮೆರಿಕದ ಅಯೋವಾದಲ್ಲಿ ದಂಪತಿಯೊಬ್ಬರು ತಮ್ಮ ಪಾಳುಮನೆಯ ಬಾಗಿಲಿಗೆ ಇಂಥದೇ ಕೋವಿ ಕಟ್ಟಿದ್ದರು. ಹಳೆಯ ಸೀಸೆಗಳಿಗಾಗಿ ಒಳನುಗ್ಗಿದವನ ಕಾಲು ನುಚ್ಚುನೂರಾಯಿತು. ಅವನಿಗೆ 30,000 ಡಾಲರ್ ಕೊಡಬೇಕೆಂಬ ತೀರ್ಪನ್ನು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಎತ್ತಿಹಿಡಿಯಿತು. ಕದಿಯಲು ಬಂದವನಿಗೆ ಪರಿಹಾರವೇ ಎಂದು ನಿಮ್ಮ ರಕ್ತ ಕುದಿಯಬಹುದು. ನನಗೂ ಓದಿದಾಗ ಹಾಗೇ ಆಯಿತು. ಆದರೆ ಆಸ್ತಿಗಿಂತ ಜೀವ ದೊಡ್ಡದೆಂಬ ಆ ತೀರ್ಪಿನ ತರ್ಕವನ್ನು ಅಲ್ಲಗಳೆಯಲು ನನಗೆ ಸಾಧ್ಯವಾಗಿಲ್ಲ.

ಇನ್ನು ಕಾದು ಕುಳಿತು ಹಿಡಿಯುವ ಮಾತು. ರಾತ್ರಿ ಬೇಟೆಯವನು ಹುಡುಕುವುದು ಟಾರ್ಚಿನ ಬೆಳಕಿಗೆ ಹೊಳೆಯುವ ಕಣ್ಣು, ಅಲುಗುವ ಪೊದೆ. ಪೊದೆಯ ಹಿಂದೆ ನೀವೇ ಕೂತಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು? ಪಾಯಿಂಟ್ ಇಪ್ಪತ್ತೆರಡರ ಸಣ್ಣ ರೈಫಲ್ಲಿನ ಗುಂಡೂ ಒಂದು ಕಿಲೋಮೀಟರ್ ದಾಟಿ ಹೋಗಬಲ್ಲದು. ಸದ್ದು ಕೇಳಿದರೆ ಮನೆಯೊಳಗೇ ಇದ್ದು ಪೊಲೀಸರಿಗೆ ಫೋನ್ ಮಾಡಿ. ಹಗಲಿನಲ್ಲಿ ಎದುರಾದರೆ ದೂರದಿಂದಲೇ ಕೂಗಿ ನೀವಿರುವುದನ್ನು ತಿಳಿಸಿ, ಇದು ನಮ್ಮ ಜಾಗ, ಹೊರಡಿ ಎನ್ನಿ. ಕೋವಿಗೆ ಕೈ ಹಾಕಬೇಡಿ. ವಾಹನದ ಸಂಖ್ಯೆ ಬರೆದುಕೊಂಡರೆ ಜಗಳಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ನಿಮ್ಮ ಕೈಯಲ್ಲಿರುವುದು ಸಾಕ್ಷ್ಯ. ಕಾಡತೂಸನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಬಿಡಿ. ಅದರ ತಳದ ಹಿತ್ತಾಳೆಯನ್ನು ಒಮ್ಮೆ ನೋಡಿ: ಸುತ್ತ ತಯಾರಕರ ಅಚ್ಚು, ನಡುವೆ ಕೋವಿಯ ಮೊಳೆ ಬಡಿದ ಪುಟ್ಟ ಗುಳಿ. ಇದು ಇಂಥ ಕೋವಿಯಿಂದಲೇ ಹಾರಿದ್ದೇ ಎಂದು ಪ್ರಯೋಗಾಲಯದವರು ಹೋಲಿಸಿ ನೋಡುವುದು ಆ ಗುಳಿಯನ್ನು. ಬಿದ್ದಲ್ಲೇ ಫೋಟೊ ತೆಗೆದು ಪೊಲೀಸರು ಬರುವವರೆಗೆ ಹಾಗೇ ಬಿಡಿ. ಮಳೆ ಬರುವಂತಿದ್ದರೆ ಕಡ್ಡಿಯಿಂದ ಎತ್ತಿ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ಕಟ್ಟುತ್ತದೆ.

ಉರುಳನ್ನು ಮಾತ್ರ ಹಾಗೇ ಬಿಡಲಾಗದು. ಫೋಟೊ ತೆಗೆದು ತಕ್ಷಣ ಬಿಚ್ಚಿ, ಏಕೆಂದರೆ ಅದು ಯಾವ ಪ್ರಾಣಿಯೆಂದು ನೋಡಿ ಹಿಡಿಯುವುದಿಲ್ಲ. ಸಿಕ್ಕಿಬಿದ್ದ ನಾಯಿ ಎಳೆದಾಡಿದಷ್ಟೂ ಕುಣಿಕೆ ಬಿಗಿಯುತ್ತದೆ. ನಾಯಿಯನ್ನು ತಂತಿ ಕಟ್ಟಿದ ಗೂಟದ ಕಡೆಗೆ ಸರಿಸಿದರೆ ಕುಣಿಕೆ ಸಡಿಲವಾಗುತ್ತದೆ. ತಂತಿ ಕತ್ತರಿಸುವ ಇಕ್ಕಳ ಜೊತೆಗಿರಲಿ.

ಕ್ಯಾಮೆರಾ ಇಡುವುದಾದರೆ ಮಿಂಚು ಹಾಯುವಂಥದು ಬೇಡ. 850 ನ್ಯಾನೋಮೀಟರ್ ತರಂಗಾಂತರದ ಇನ್‌ಫ್ರಾರೆಡ್ (ಅವಕೆಂಪು) ದೀಪವೂ ಕತ್ತಲಲ್ಲಿ ಮಂಕಾಗಿ ಕೆಂಪಗೆ ಕಾಣುತ್ತದೆ, 940ರದ್ದು ಕಾಣುವುದಿಲ್ಲ. ಆಳೆತ್ತರಕ್ಕಿಂತ ಮೇಲೆ ಕಟ್ಟಿ, ಕೆಳಕ್ಕೆ ಬಾಗಿಸಿ. ಬ್ಯಾಟರಿ ಬದಲಿಸಿದಾಗಲೆಲ್ಲ ದಿನಾಂಕ, ಸಮಯ ಸರಿಯಿದೆಯೇ ನೋಡಿ. ತಪ್ಪು ದಿನಾಂಕದ ಚಿತ್ರವನ್ನು ಎದುರು ವಕೀಲರು ಕ್ಷಣದಲ್ಲಿ ಮೂಲೆಗೆ ತಳ್ಳುತ್ತಾರೆ.

ಬಂದವರೆಲ್ಲ ಕಳ್ಳರೂ ಅಲ್ಲ. ಗಡಿ ತಿಳಿಯದೆ ಬಂದವನಿಗೆ ಫಲಕವೇ ಸಾಕು. ಟೆಕ್ಸಾಸಿನಲ್ಲಿ ಮರಕ್ಕೆ ನಿಗದಿತ ಅಳತೆಯ ನೇರಳೆ ಪಟ್ಟೆ ಬಳಿದರೆ ಅದೇ ಪ್ರವೇಶ ನಿಷೇಧದ ಸೂಚನೆ. ಫಲಕದಂತೆ ಯಾರೂ ಅದನ್ನು ಕಿತ್ತೊಯ್ಯಲಾರರು. ಆದರೆ ಕಾನೂನು ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಇನ್ನೊಂದು ರಾಜ್ಯ ವರ್ಮಾಂಟಿನಲ್ಲಿ 1777ರ ಸಂವಿಧಾನವೇ ಬೇಲಿಯಿಲ್ಲದ ಜಮೀನಿನಲ್ಲಿ ಬೇಟೆಗೆ ಅವಕಾಶ ಕೊಟ್ಟಿತು. ಸ್ವೀಡನ್ನಿನಲ್ಲಿ ಯಾರದೇ ಕಾಡಿನಲ್ಲಿ ಅಡ್ಡಾಡಬಹುದು, ಬೇಟೆಯಾಡುವಂತಿಲ್ಲ. ಫ್ರಾನ್ಸಿನಲ್ಲಿ 1964ರ ಕಾಯ್ದೆ ಸಣ್ಣ ಹಿಡುವಳಿದಾರರು ಒಲ್ಲೆವೆಂದರೂ ಅವರ ಜಮೀನನ್ನು ಬೇಟೆ ಸಂಘಗಳಿಗೆ ತೆರೆಸಿತ್ತು. ಇದು ಹಕ್ಕುಚ್ಯುತಿ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1999ರಲ್ಲಿ ಹೇಳಿತು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉರುಳೊಡ್ಡುವುದೂ ಬೇಟೆಯೇ. ಜಮೀನಿನ ಮಾಲೀಕ ಒಪ್ಪಿದ್ದರೂ ಅದು ಅಪರಾಧವೇ. ಹೀಗಾಗಿ ಫಲಕ ಬರೆಸುವ ಮೊದಲು ನಿಮ್ಮಲ್ಲಿ ಯಾವ ಕಾನೂನು ಜಾರಿಯಲ್ಲಿದೆ ಎಂದು ಒಬ್ಬ ವಕೀಲರಲ್ಲಿ ವಿಚಾರಿಸಿ.

ದೂರನ್ನು ಲಿಖಿತವಾಗಿಯೇ ಕೊಡಿ, ಪೊಲೀಸರಿಗೂ ಅರಣ್ಯ ಇಲಾಖೆಗೂ. ಸ್ವೀಕೃತಿ ಪಡೆಯದೆ ಹೊರಬರಬೇಡಿ. ಅಕ್ಕಪಕ್ಕದ ಜಮೀನಿನವರನ್ನೂ ಸಹಿಗೆ ಕರೆಯಿರಿ. ಒಬ್ಬಿಬ್ಬರು ಹಿಂದೇಟು ಹಾಕಿಯಾರು. ಬೇಟೆಯ ಮಾಂಸದಲ್ಲಿ ಅವರಿಗೂ ಪಾಲು ಸಲ್ಲುತ್ತಿರಬಹುದು. ಅಂಥವರೆದುರು ಕ್ಯಾಮೆರಾದ ಸುದ್ದಿ ಎತ್ತಬೇಡಿ.

— ಸಂಪಾದಕ