ಲಿಂಕನ್–ಡಗ್ಲಾಸ್ ಡಿಬೇಟ್‌ನ ಕ್ರಾಸ್-ಎಕ್ಸ್‌ನಲ್ಲಿ ಮಗಳು ಎಂಥ ಪ್ರಶ್ನೆ ಕೇಳಬೇಕು?

ಲಿಂಕನ್–ಡಗ್ಲಾಸ್ ಅಂದರೆ ಒಬ್ಬರೆದುರು ಒಬ್ಬರು ವಾದಿಸುವ ಚರ್ಚಾ ಸ್ಪರ್ಧೆ; ಕ್ರಾಸ್-ಎಕ್ಸ್ ಅಂದರೆ ಎದುರಾಳಿಯ ಭಾಷಣವಾದ ಮೇಲೆ ಅವರಿಗೆ ಪ್ರಶ್ನೆ ಹಾಕುವ 3 ನಿಮಿಷ. ಅಲ್ಲಿ ಮಗಳು ಪ್ರಶ್ನೆ ಕೇಳುವ ಬದಲು ವಾದಕ್ಕೇ ಇಳಿಯುತ್ತಾಳೆ, ಆ 3 ನಿಮಿಷ ಸುಮ್ನೆ ಹೋಗಿಬಿಡುತ್ತೆ ಅಂತ ಬರೆದಿದ್ದೀರಿ. ಇಲ್ಲಿ ಅಮೆರಿಕದ ಹೈಸ್ಕೂಲು ಟೂರ್ನಮೆಂಟ್‌ಗಳಿಗೆ ನಾನು ಪೇರೆಂಟ್ ಜಡ್ಜ್ (ತೀರ್ಪು ಕೊಡುವ ಪೋಷಕರು) ಆಗಿ ಹೋಗುತ್ತಿರುತ್ತೇನೆ. ಹೆಚ್ಚಿನ ಮಕ್ಕಳ ಕಥೆ ಇದೇ.

ಕ್ರಾಸ್-ಎಕ್ಸ್‌ನಲ್ಲೇ ಗೆಲ್ಲಬೇಕಾಗಿಲ್ಲ. ಒಂದೆರಡು ಮಾತನ್ನು ಎದುರಾಳಿಯ ಬಾಯಿಂದ ಒಪ್ಪಿಸಿದರೆ ಸಾಕು.

'ಮತದಾನ ಕಡ್ಡಾಯವಾಗಬೇಕು' ಅನ್ನೋದು ವಿಷಯ ಅಂತಿಟ್ಟುಕೊಳ್ಳಿ. ಪರವಾಗಿ ಮಾತಾಡಿದ ಹುಡುಗ ಆಸ್ಟ್ರೇಲಿಯಾ ತೋರಿಸಿ, ಕಡ್ಡಾಯ ಮಾಡಿದರೆ ಜನ ಯೋಚಿಸಿ ಮತ ಹಾಕುತ್ತಾರೆ ಅಂದಿದ್ದಾನೆ. "ಅದು ಹೇಗೆ?" ಅಂತ ಕೇಳಿದರೆ ಅವನಿಗೆ ಇನ್ನೊಂದು ಭಾಷಣಕ್ಕೆ ಬಿಟ್ಟಿ ಸಮಯ ಕೊಟ್ಟಂತೆ. ಹೀಗೆ ಕೇಳಲಿ:

"ಅಲ್ಲಿ 1924ರಿಂದ ಕಡ್ಡಾಯ, ಅಲ್ವಾ?"
"ಹೌದು."
"ಯಾರು ಯಾರಿಗೆ ಹಾಕಿದರು ಅನ್ನೋದು ಗುಟ್ಟು?"
"ಹೌದು."
"ಅಂದ್ರೆ ಖಾಲಿ ಚೀಟಿ ಹಾಕಿ ಬಂದರೂ ಯಾರು ಅಂತ ಗೊತ್ತಾಗಲ್ಲ?"
"...ಹೂಂ."

ಅಲ್ಲಿಗೆ ನಿಲ್ಲಿಸಬೇಕು. "ಹಾಗಾದ್ರೆ ನಿನ್ನ ವಾದ ಬಿತ್ತು ತಾನೆ?" ಅಂದರೆ ಕೆಟ್ಟಿತು, ಅವನು ತಕ್ಷಣ ನುಣುಚಿಕೊಳ್ಳುತ್ತಾನೆ. ಕಾನೂನು ಜನರನ್ನು ಬೂತ್‌ವರೆಗೆ ತರುತ್ತೆ, ಯೋಚನೆ ಮಾಡಿಸಲ್ಲ ಅನ್ನೋ ಮಾತು ಮಗಳ ಮುಂದಿನ 7 ನಿಮಿಷದ ಭಾಷಣಕ್ಕಿರಲಿ. ಭಾಷಣದಲ್ಲಿ ಹೇಳದಿದ್ದರೆ ಆ ಒಪ್ಪಿಗೆಯನ್ನು ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯಾವ ಉತ್ತರ ಕೊಟ್ಟರೂ ಕಷ್ಟವಾಗುವ ಪ್ರಶ್ನೆ ಸಿಕ್ಕರಂತೂ ಹಬ್ಬ. ಈ ಡಿಬೇಟ್‌ಗೆ ಹೆಸರು ಕೊಟ್ಟ, ಇಲಿನಾಯ್ ರಾಜ್ಯದ ಸೆನೆಟ್ ಸೀಟಿಗಾಗಿ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಾಸ್ ನಡುವೆ ನಡೆದ 1858ರ ವಾದಗಳಲ್ಲೇ ಅಂಥದ್ದೊಂದಿದೆ. ಇನ್ನೂ ರಾಜ್ಯವಾಗದ ಪ್ರಾಂತ್ಯದ ಜನ ಗುಲಾಮಗಿರಿಯನ್ನು ಕಾನೂನು ಪ್ರಕಾರ ಹೊರಗಿಡಬಹುದೇ ಅಂತ ಲಿಂಕನ್ ಅಲ್ಲಿನ ಫ್ರೀಪೋರ್ಟ್ ಊರಿನಲ್ಲಿ ಕೇಳಿದರು. 'ಇಲ್ಲ' ಅಂದರೆ, ಜನರೇ ತೀರ್ಮಾನಿಸಲಿ ಅನ್ನುತ್ತಿದ್ದ ಡಗ್ಲಾಸ್ ತಮ್ಮ ಮಾತನ್ನೇ ನುಂಗಬೇಕು. 'ಹೌದು' ಅಂದರೆ, ಪ್ರಾಂತ್ಯಗಳಲ್ಲಿ ಗುಲಾಮಗಿರಿಯನ್ನು ಅಮೆರಿಕದ ಸಂಸತ್ತು ನಿಷೇಧಿಸುವಂತಿಲ್ಲ ಅಂದ ಹಿಂದಿನ ವರ್ಷದ ಸುಪ್ರೀಂ ಕೋರ್ಟಿನ ಡ್ರೆಡ್ ಸ್ಕಾಟ್ ತೀರ್ಪಿನಿಂದ ಖುಷಿಯಾಗಿದ್ದ, ಗುಲಾಮಗಿರಿಯ ಪರವಿದ್ದ ದಕ್ಷಿಣದವರು ಮುನಿಯುತ್ತಾರೆ. ಡಗ್ಲಾಸ್ 'ಹೌದು' ಅಂದರು. ಸೆನೆಟ್ ಸೀಟೇನೋ ಉಳಿಯಿತು. ಆದರೆ 1860ರ ಅಧ್ಯಕ್ಷ ಚುನಾವಣೆಯಲ್ಲಿ ಅವರದೇ ಪಕ್ಷದ ದಕ್ಷಿಣದ ಡೆಮಾಕ್ರಾಟರು ಅವರನ್ನು ಬಿಟ್ಟು ಬೇರೆಯವರನ್ನು ನಿಲ್ಲಿಸಿದರು. ಕಾರಣ ಆ ಒಂದು ಪ್ರಶ್ನೆಯೇ ಅಲ್ಲ, ಆದರೂ ಅದರ ಪೆಟ್ಟು ಸಣ್ಣದಲ್ಲ.

ಇನ್ನೊಂದು ಮಾತು. ಎದುರಾಳಿ ಉದ್ದಕ್ಕೆ ಎಳೆಯತೊಡಗಿದರೆ "ಸರಿ, ಅರ್ಥವಾಯಿತು, ಮುಂದಿನ ಪ್ರಶ್ನೆ" ಅಂತ ನಗುನಗುತ್ತಲೇ ತಡೆಯಬಹುದು. ಅದು ಒರಟುತನ ಅಲ್ಲ. ಮತ್ತೆ, ಇಬ್ಬರೂ ಜಡ್ಜ್ ಕಡೆ ಮುಖ ಮಾಡಿ ನಿಲ್ಲುವುದು ಇಲ್ಲಿನ ರೂಢಿ. ಅವಳು ಎದುರಾಳಿಯನ್ನೇ ದುರುಗುಟ್ಟಿ ನೋಡುತ್ತಿದ್ದರೆ ಮೊದಲು ಅದನ್ನು ಬಿಡಿಸಿ.