ನೋಟ್‌ಬುಕ್ಕಿನ ಕೊನೆಯ ಪುಟ

ಪಿಯುಸಿ ಮುಗಿಸಿ ನೀಟ್ ಪರೀಕ್ಷೆಗೆ ಎರಡನೇ ಸಲ, ಮೂರನೇ ಸಲ ಕೂರುವ ಮಕ್ಕಳನ್ನು ಆಪ್ತ ಸಲಹೆಗಾರಳಾದ ನನ್ನ ಬಳಿಗೆ ಕರೆದುಕೊಂಡು ಬರುವ ತಂದೆತಾಯಿಗಳು ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ನಾವು ಯಾವ ಒತ್ತಡವನ್ನೂ ಹಾಕಿಲ್ಲ ಮೇಡಂ, ಆದರೂ ಹೀಗಾಗಿದ್ದಾನೆ." ಅವರು ಸುಳ್ಳು ಹೇಳುತ್ತಿರುವುದಿಲ್ಲ. ಬೈದಿರುವುದಿಲ್ಲ, ಹೊಡೆದಿರುವುದಿಲ್ಲ, ಪಕ್ಕದ ಮನೆಯ ಮಗುವಿಗೆ ಹೋಲಿಸಿಯೂ ಇರುವುದಿಲ್ಲ. ಈ ಪ್ರಕರಣವನ್ನು ಬರೆಯುತ್ತಿರುವುದು ಅಂಥ ಮನೆಗಳಲ್ಲಿ ಮಕ್ಕಳ ಎದೆಯ ಮೇಲೆ ಕೂತಿರುವುದು ಏನು ಎಂಬುದನ್ನು ಒಬ್ಬ ಹುಡುಗ ನನಗೆ ತೋರಿಸಿಕೊಟ್ಟದ್ದಕ್ಕಾಗಿ. ಜೊತೆಗೆ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ನಾನು ಮೂರನೆಯ ಭೇಟಿಯವರೆಗೆ ಕೇಳದೆ ಉಳಿದದ್ದು ಇಂದಿಗೂ ನನ್ನನ್ನು ಕಾಡುತ್ತಿರುವುದಕ್ಕಾಗಿ. ಹುಡುಗನ ಮತ್ತು ಅವನ ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮಲೆನಾಡಿನ ಅಡಿಕೆ ಬೆಳೆಗಾರರ ಮನೆಯ ಹುಡುಗ, ವಯಸ್ಸು 18. ಕರಾವಳಿಯ ವಸತಿ ಕಾಲೇಜೊಂದರಲ್ಲಿ ಪಿಯುಸಿ ಮುಗಿಸಿ, ಮೊದಲ ಸಲ ಸೀಟು ಸಿಗದೆ, ಅಲ್ಲಿಯೇ ಲಾಂಗ್ ಟರ್ಮ್ ಕೋಚಿಂಗಿಗೆ ಸೇರಿದ್ದ. ಐದನೆಯ ತಿಂಗಳಿಗೆ ಮನೆಗೆ ಬಂದವನು ಮರಳಿ ಹೋಗಲಿಲ್ಲ. ನಿದ್ದೆ ಬೆಳಗಿನ ನಾಲ್ಕಕ್ಕೆ, ಊಟ ಕೋಣೆಯಲ್ಲೇ. ಮೊದಲ ಎರಡು ಭೇಟಿಗಳಲ್ಲಿ ನಾವು ನಿದ್ದೆಯ ಬಗ್ಗೆ, ಓದಿನ ವೇಳಾಪಟ್ಟಿಯ ಬಗ್ಗೆ, ಮೊಬೈಲಿನ ಬಗ್ಗೆ ಮಾತನಾಡಿದೆವು. ಅವನು ವಿನಯದಿಂದ ಉತ್ತರಿಸುತ್ತಿದ್ದ, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ. ವಿನಯವಂತ ಮಕ್ಕಳ ಮುಂದೆ ನಾವು ಸಲಹೆಗಾರರು ಬೇಗ ಸಮಾಧಾನಪಟ್ಟುಕೊಳ್ಳುತ್ತೇವೆ ಎಂಬುದನ್ನು ನಾನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಎರಡನೆಯ ಭೇಟಿಯ ಕೊನೆಯಲ್ಲಿ ಅವನು ಆಡಿದ ಒಂದು ಮಾತು ಮಾತ್ರ ನನ್ನಲ್ಲಿ ಉಳಿದುಕೊಂಡಿತು. ರಾತ್ರಿ ಹತ್ತೂವರೆಗೆ ಅಮ್ಮ ಬಾದಾಮಿ ಅರೆದು ಹಾಕಿದ ಹಾಲನ್ನು ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಾರೆ ಎಂದು ಹೇಳಿ, "ಆ ಲೋಟ ನೋಡಿದರೆ ಸಾಲಗಾರರು ಬಂದು ನಿಂತ ಹಾಗೆ ಆಗುತ್ತೆ ಮೇಡಂ" ಎಂದ. ಮುಂದಿನ ಸಲ ಬರುವಾಗ ಓದಲು ಕೂತರೂ ತಲೆಗೆ ಹತ್ತುತ್ತಿಲ್ಲ ಎನ್ನುವ ವಿಷಯದ ನೋಟ್‌ಬುಕ್ ತರಲು ಹೇಳಿದೆ. ಅದಕ್ಕೆ ವಿಶೇಷ ಕಾರಣವೇನೂ ಇರಲಿಲ್ಲ. ಮಾತು ಮುಂದುವರಿಸಲು ಕೈಯಲ್ಲೊಂದು ವಸ್ತು ಇರಲಿ ಎಂದಷ್ಟೇ ಯೋಚಿಸಿದ್ದೆ.

ಅವನು ತಂದದ್ದು ಭೌತಶಾಸ್ತ್ರದ ನೋಟ್‌ಬುಕ್. ಮೊದಲ ಮೂವತ್ತು ಪುಟಗಳಲ್ಲಿ ದುಂಡಗಿನ ಅಕ್ಷರ, ಸ್ಕೇಲಿಟ್ಟು ಎಳೆದ ಗೆರೆಗಳು. ಆಮೇಲೆ ಖಾಲಿ ಹಾಳೆಗಳು. ತಿರುವುತ್ತಾ ಹೋದಂತೆ ಕೊನೆಯ ಪುಟದಲ್ಲಿ ಒಂದು ಲೆಕ್ಕ ಕಂಡಿತು. ಕಾಲೇಜು ಫೀಸು, ಹಾಸ್ಟೆಲ್, ಲಾಂಗ್ ಟರ್ಮ್, ಟೆಸ್ಟ್ ಸೀರೀಸ್, ಅಮ್ಮನ ಬಳೆ, "ತೋಟದ ಮೇಲೆ" ಎಂದು ಒಂದರ ಕೆಳಗೊಂದು ಬರೆದು, ಮೊತ್ತವನ್ನು 18 ಲಕ್ಷಕ್ಕೆ ತಂದು ನಿಲ್ಲಿಸಿದ್ದ. ಅದರ ಕೆಳಗೆ ಗೆರೆ ಎಳೆದು ಇನ್ನೊಂದು ಸಾಲು: "ನಾನಿಲ್ಲದಿದ್ದರೆ ಉಳಿಯುವುದು." ಅದರ ಮುಂದೆ ಅವನು ಮೊತ್ತವನ್ನು ಬರೆದಿರಲಿಲ್ಲ. ಜಾಗ ಖಾಲಿ ಇತ್ತು.

ನಾನು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ: "ಸತ್ತುಹೋಗಬೇಕು ಅಂತ ಅನ್ನಿಸಿದೆಯಾ?"

ಅವನು ತಲೆಯೆತ್ತಿ ನೋಡಿದ. ನಂತರ, "ಹೂಂ" ಎಂದ. ಎಷ್ಟು ಸಲ, ಯಾವ ಹೊತ್ತಿನಲ್ಲಿ, ಹೇಗೆ ಎಂದು ಯೋಚಿಸಿದ್ದಾನೆಯೇ, ಅದಕ್ಕೆ ಬೇಕಾದದ್ದನ್ನು ಹೊಂದಿಸಿಕೊಂಡಿದ್ದಾನೆಯೇ ಎಂಬುದನ್ನೆಲ್ಲ ಮೆಲ್ಲಗೆ, ಆದರೆ ಏನನ್ನೂ ಬಿಡದೆ ಕೇಳಿದೆ. ಸಿದ್ಧತೆ ಮಾಡಿಕೊಂಡಿರಲಿಲ್ಲ, ಯೋಚನೆ ಮಾತ್ರ ಎರಡು ತಿಂಗಳಿನಿಂದ ಹೆಚ್ಚುಕಡಿಮೆ ಪ್ರತಿ ರಾತ್ರಿ ಬರುತ್ತಿತ್ತು. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವನ ಭುಜಗಳು ಇಳಿದಿದ್ದವು. "ಇದನ್ನ ಯಾರೂ ಕೇಳಿರಲಿಲ್ಲ" ಎಂದ. ಆ "ಯಾರೂ" ಎಂಬುದರಲ್ಲಿ ಎರಡು ಭೇಟಿ ಮುಗಿಸಿದ್ದ ನಾನೂ ಇದ್ದೆ.

ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಶಿಕ್ಷಕರಲ್ಲಿಯೂ ಪೋಷಕರಲ್ಲಿಯೂ ಬಲವಾಗಿದೆ. ಅದು ತಪ್ಪು ತಿಳಿವಳಿಕೆ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಸ್ಪಷ್ಟವಾಗಿ ಹೇಳಿದೆ. ನೇರವಾಗಿ ಕೇಳುವುದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ. ಸುತ್ತಿ ಬಳಸಿ ಕೇಳಿದರೆ, ಅಥವಾ "ಅಂಥದ್ದೇನೂ ಇಲ್ಲ ತಾನೇ?" ಎಂದು ಉತ್ತರವನ್ನೂ ನಾವೇ ಕೊಟ್ಟು ಕೇಳಿದರೆ, ಮಗು ನಮ್ಮ ಭಯವನ್ನು ಕಂಡು ನಮ್ಮನ್ನು ಕಾಪಾಡಲು ಹೊರಡುತ್ತದೆ.

ಅಪ್ಪ ಅಮ್ಮನಿಗೆ ಹೇಳಬೇಡಿ ಎಂದು ಅವನು ಕೇಳಿಕೊಂಡ. ಅದು ನನ್ನಿಂದ ಸಾಧ್ಯವಿಲ್ಲ ಎಂದೆ. ಜೀವಕ್ಕೆ ಅಪಾಯವಿರುವ ವಿಷಯದಲ್ಲಿ ಗುಟ್ಟು ಉಳಿಸುವ ಮಾತನ್ನು ನಾನು ಯಾರಿಗೂ ಕೊಡುವುದಿಲ್ಲ. ಆದರೆ ಏನನ್ನು ಹೇಳಬೇಕು, ಯಾರ ಬಾಯಿಂದ, ಅವನು ಕೋಣೆಯಲ್ಲಿರಬೇಕೋ ಬೇಡವೋ ಎಂಬುದನ್ನು ಅವನೇ ತೀರ್ಮಾನಿಸಲಿ ಎಂದೆ. ಹೀಗೆ ಮಾಡಿದರೆ ವಿಶ್ವಾಸ ಕೆಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ಆಕ್ಷೇಪಿಸಿದರು. ವಿಶ್ವಾಸ ಕೆಡುವುದು ಬೆನ್ನ ಹಿಂದೆ ಹೇಳಿದಾಗ. ಎದುರಿಗೆ ಕೂರಿಸಿಕೊಂಡು, ಅವನ ಮಾತನ್ನೇ ಬಳಸಿ ಹೇಳಿದಾಗಲ್ಲ ಎಂಬುದು ನನ್ನ ಅನುಭವ, ಈ ವಿಷಯದಲ್ಲಿ ನಾನು ಬದಲಾಗುವವಳಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ತಂದೆತಾಯಿಯನ್ನು ಒಳಗೆ ಕರೆದೆ. ಹುಡುಗನ ಇಚ್ಛೆಯಂತೆ ನಾನು ಹೇಳಿದೆ, ಅವನು ಪಕ್ಕದಲ್ಲಿ ಕೂತಿದ್ದ. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ತಂದೆ ನೋಟ್‌ಬುಕ್ ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಆ ಪುಟವನ್ನು ಬಹಳ ಹೊತ್ತು ಓದಿ, ನನ್ನ ಮೇಜಿನ ಮೇಲಿದ್ದ ಪೆನ್ನನ್ನು ತೆಗೆದುಕೊಂಡರು. "ಅಪ್ಪಿ, ಲೆಕ್ಕ ತಪ್ಪಿದೆ" ಎಂದರು. ಅಲ್ಲಿಂದ ಒಂದೊಂದು ಸಾಲಿನ ಪಕ್ಕದಲ್ಲೂ ನಿಜವಾದ ಅಂಕಿಯನ್ನು ಬರೆಯುತ್ತಾ ಹೋದರು. ತೋಟವನ್ನು ಅಡ ಇಟ್ಟಿರಲಿಲ್ಲ. ಪಹಣಿ, ಬ್ಯಾಂಕು ಎಂದು ತಂದೆ ಫೋನಿನಲ್ಲಿ ಮಾತನಾಡಿದ್ದನ್ನು ಮಗ ಕೇಳಿಸಿಕೊಂಡಿದ್ದ, ಅದು ಸೊಸೈಟಿಯ ಬೆಳೆಸಾಲದ ನವೀಕರಣಕ್ಕೆ. ಅಮ್ಮನ ಬಳೆ ಅಡ ಇಟ್ಟದ್ದು ಮಾತ್ರ ನಿಜ, ಆದರೆ ಅದು ಎಲೆಚುಕ್ಕೆ ರೋಗಕ್ಕೆ ಔಷಧಿ ಹೊಡೆಸಲು, ಆಳಿನ ಕೂಲಿಗೆ, ಇವನ ಫೀಸಿಗಲ್ಲ. ಓದಿನ ಸಾಲವೆಂದು ಉಳಿದದ್ದು 4 ಲಕ್ಷ 20 ಸಾವಿರ. "ಇದನ್ನ ತೀರಿಸೋದು ನನ್ನ ಕೆಲಸ. ನಿಂಗೆ ಹೇಳಿದ್ರೆ ಓದೋಕೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ." ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅವರು ಅಲ್ಲಿ ಏನನ್ನೂ ಬರೆಯಲಿಲ್ಲ, ಹೊಡೆದೂ ಹಾಕಲಿಲ್ಲ. ಪುಸ್ತಕ ಮುಚ್ಚಿ ಮಗನ ಮಂಡಿಯ ಮೇಲೆ ಕೈಯಿಟ್ಟರು.

ಅವನು ಖಿನ್ನತೆಗೆ ಜಾರಿದ್ದಕ್ಕೆ ಹಣದ ಲೆಕ್ಕವೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಖಿನ್ನತೆ ಕಾಯಿಲೆ, ಅದಕ್ಕೆ ಚಿಕಿತ್ಸೆಯೇ ಬೇಕು, ತಂದೆಯ ಕೈ ಸಾಲದು. ಆದ್ದರಿಂದ ನನ್ನ ಮೊದಲ ಸಲಹೆ ಮನೋವೈದ್ಯರನ್ನು ಕಾಣುವುದೇ ಆಗಿತ್ತು. ತಾಯಿ ಹೆದರಿ, "ಪೊಲೀಸ್ ಕೇಸ್ ಆಗುತ್ತಾ?" ಎಂದು ಕೇಳಿದರು. ಯೋಚನೆ ಬರುವುದು ಅಪರಾಧವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ ಎಂದು ವಿವರಿಸಿದೆ. ತಂದೆಗೆ "ಮೆಂಟಲ್ ಡಾಕ್ಟರು" ಎಂಬ ಹೆಸರೇ ಅಡ್ಡಿಯಾಗಿತ್ತು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ, ನೀವು ಬಿಪಿ ಮಾತ್ರೆಗೆ ಹೋಗುವ ಕಟ್ಟಡವೇ ಅದು ಎಂದಾಗ ಒಪ್ಪಿದರು. ಅಲ್ಲಿಯವರೆಗೆ ರಾತ್ರಿ ಅವನ ಕೋಣೆಯಲ್ಲಿ ಒಬ್ಬರು ಮಲಗಬೇಕು, ತೋಟದ ಔಷಧಿಗಳೆಲ್ಲ ಬೀಗದೊಳಗಿರಬೇಕು, ಬೀಗದ ಕೈ ತಂದೆಯ ಬಳಿಯೇ ಇರಬೇಕು ಎಂದು ಹೇಳಿದೆ. ನಡುರಾತ್ರಿ ಯೋಚನೆ ಬಂದರೆ ಕರೆ ಮಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮೂವರ ಫೋನಿನಲ್ಲೂ ಅಲ್ಲಿಯೇ ಉಳಿಸಿಸಿದೆ. 2022ರಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.

ಎರಡನೆಯ ಸಲಹೆ, ನೀಟ್ ಬಿಡುವುದೋ ಮುಂದುವರಿಸುವುದೋ ಎಂಬ ತೀರ್ಮಾನವನ್ನು ಆರು ವಾರ ಮುಟ್ಟಬಾರದು. ಔಷಧಿ ಹಿಡಿಯಲು ಕೆಲವು ವಾರಗಳು ಬೇಕು. ಕಾಯಿಲೆಯ ಕಣ್ಣಿಗೆ ಎಲ್ಲ ದಾರಿಯೂ ಮುಚ್ಚಿದಂತೆಯೇ ಕಾಣುತ್ತದೆ. "ಬಿಟ್ಟುಬಿಡು ಮಗಾ, ನಮಗೆ ನೀನು ಮುಖ್ಯ" ಎಂದು ತಾಯಿ ಆಗಲೇ ಹೇಳತೊಡಗಿದ್ದರು. ಆ ಪ್ರೀತಿಯ ಮಾತನ್ನೂ ತಡೆದೆ, ಏಕೆಂದರೆ ಆ ಹೊತ್ತಿನಲ್ಲಿ ಅವನಿಗೆ ಅದು "ನಿನ್ನಿಂದ ಆಗುವುದಿಲ್ಲ" ಎಂದೇ ಕೇಳಿಸುತ್ತಿತ್ತು.

ಮೂರನೆಯದರ ಬಗ್ಗೆಯೇ ನನ್ನ ಮೇಲೆ ಹೆಚ್ಚು ಆಕ್ಷೇಪ ಬಂದದ್ದು. ಮನೆಯ ಹಣದ ನಿಜಸ್ಥಿತಿಯನ್ನು ಮಗನಿಂದ ಮುಚ್ಚಿಡಬೇಡಿ, ಕೇಳಿದಾಗ ಅಂಕಿಸಹಿತ ಹೇಳಿ ಎಂದೆ. ಹುಡುಗನ ಸೋದರಮಾವ ಫೋನ್ ಮಾಡಿ, ಸಾಲಸೋಲದ ಮಾತನ್ನು ಮಕ್ಕಳ ಮುಂದೆ ಎತ್ತುವುದು ಯಾವ ಸಲಹೆ ಎಂದು ಸಿಟ್ಟಾದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಪುಟ್ಟ ಮಕ್ಕಳಿಗೆ ಸಾಲದ ಚಿಂತೆ ಹಂಚಬಾರದು, ನಿಜ. "ನಿನಗಾಗಿ ಇಷ್ಟು ಸುರಿದಿದ್ದೇವೆ" ಎಂದು ಲೆಕ್ಕ ಒಪ್ಪಿಸುವುದಂತೂ ಕ್ರೌರ್ಯ. ಆದರೆ ಹದಿನೆಂಟರ ಮಗ ಮುಚ್ಚಿದ ಬಾಗಿಲ ಹಿಂದಿನ ಅರ್ಧ ಮಾತುಗಳನ್ನು ಕೇಳಿಸಿಕೊಂಡೇ ಇರುತ್ತಾನೆ. ಉಳಿದರ್ಧವನ್ನು ಅವನ ಭಯ ತುಂಬುತ್ತದೆ, ಭಯ ಎಂದೂ ಕಡಿಮೆ ಮೊತ್ತ ಬರೆಯುವುದಿಲ್ಲ. 4 ಲಕ್ಷ 20 ಸಾವಿರ ಸಣ್ಣ ಹಣವಲ್ಲ, ಆದರೂ ಅದು ಅಪ್ಪನ ಬಾಯಿಂದ ಬಂದ, ತೀರಿಸಲು ದಾರಿಯಿರುವ ಹಣ.

ಔಷಧಿ ಆರಂಭಿಸಿದ ಎರಡು ತಿಂಗಳ ಮೇಲೆ ಅವನು ಹಾಲಿನ ಲೋಟವನ್ನು ಅಡುಗೆಮನೆಗೇ ಹೋಗಿ ಕುಡಿಯುತ್ತಿದ್ದಾನೆ ಎಂದು ತಾಯಿ ತಿಳಿಸಿದರು. ನೀಟ್ ಬಗ್ಗೆ ಅವನು ಇನ್ನೂ ತೀರ್ಮಾನಿಸಿಲ್ಲ. ಅರಣ್ಯಶಾಸ್ತ್ರದ ಪದವಿಯ ಬಗ್ಗೆಯೂ ವಿಚಾರಿಸುತ್ತಿದ್ದಾನೆ. ಕಳೆದ ವಾರ ತಂದೆ ಕರೆ ಮಾಡಿ, "ಈಗ ಚೆನ್ನಾಗಿದ್ದೀನಿ, ಮಾತ್ರೆ ನಿಲ್ಲಿಸ್ತೀನಿ ಅಂತಾನೆ ಮೇಡಂ" ಎಂದರು. ಚೆನ್ನಾಗಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದಲೂ ಇರಬಹುದು, ವೈದ್ಯರು ಹೇಳುವವರೆಗೆ ಒಂದು ದಿನವೂ ಬಿಡಬಾರದು, ಅವನನ್ನೇ ಕರೆದುಕೊಂಡು ಹೋಗಿ ಅವನಿಂದಲೇ ಕೇಳಿಸಿ ಎಂದೆ. ಈ ಮಂಗಳವಾರ ಇಬ್ಬರೂ ಹೋಗಿ ಬಂದಿದ್ದಾರೆ.