ದಂಡ ಕಟ್ಟಿ ಕೈತೊಳೆದುಕೊಳ್ಳುವ ಮುನ್ನ

ಹಾಸನ ಜಿಲ್ಲೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: “ಬದುವಿನ ವಿಷಯಕ್ಕೆ ಪಕ್ಕದ ಜಮೀನಿನವರ ಜೊತೆ ಜಗಳವಾಯಿತು. ನನ್ನ ಮೇಲೂ ತಮ್ಮನ ಮೇಲೂ ಎಫ್‌ಐಆರ್ ಆಗಿದೆ. ಬಿಎನ್‌ಎಸ್ 115(2), 126(2), 351(2), 352, ಜೊತೆಗೆ 3(5). ಸ್ಟೇಷನ್ನಿಂದ ನೋಟಿಸ್ ಬಂದಿದೆ. ಹೋದರೆ ಒಳಗೆ ಹಾಕುತ್ತಾರಾ? ಕೋರ್ಟಿನಲ್ಲಿ ತಪ್ಪಾಯ್ತು ಅಂದು ದಂಡ ಕಟ್ಟಿದರೆ ಮುಗೀತು ಅಂತಾರೆ ಊರಿನವರು. ತಮ್ಮ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದಾನೆ.”

ಮೊದಲು ಜೈಲಿನ ಭಯ ಬಿಡಿ. ಹೊಡೆದದ್ದು, ಅಡ್ಡಗಟ್ಟಿದ್ದು, ಬೆದರಿಸಿದ್ದು, ಕೆಣಕಿ ಬೈದದ್ದು: ನೀವು ಬರೆದ ಬಿಎನ್‌ಎಸ್, ಅಂದರೆ ಭಾರತೀಯ ನ್ಯಾಯ ಸಂಹಿತೆಯ, ಸೆಕ್ಷನ್‌ಗಳು ಇಷ್ಟೇ. 3(5) ಅಂದರೆ ಅಣ್ಣತಮ್ಮ ಸೇರಿಕೊಂಡು ಮಾಡಿದಿರಿ ಎಂಬ ಆರೋಪ. 2024ರ ಜುಲೈ 1ಕ್ಕೆ ಮೊದಲಿನ ಜಗಳವಾಗಿದ್ದರೆ ಇವೇ ಹಳೆಯ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ, 323, 341, 506, 504, 34 ಆಗುತ್ತಿದ್ದವು. ಆ ನಂಬರುಗಳು ಅರಳಿಕಟ್ಟೆಯಲ್ಲಿ ಕೂತವರಿಗೂ ಬಾಯಿಪಾಠ ಇದ್ದವು! ಎಲ್ಲವೂ ಜಾಮೀನು ಸಿಗುವಂಥವು, ಸ್ಟೇಷನ್ನಿನಲ್ಲೇ ಕೊಡಬಹುದು. ಬಂಧನಕ್ಕೆ ಮೊದಲೇ ಕೋರ್ಟಿನಲ್ಲಿ ಕೇಳುವ ನಿರೀಕ್ಷಣಾ ಜಾಮೀನಿಗೆ ಓಡಾಡಿ ದುಡ್ಡು ಕಳೆಯಬೇಡಿ. ಆದರೆ ಎದುರಿನವರ ಗಾಯದ ಸರ್ಟಿಫಿಕೇಟಿನಲ್ಲಿ ಮೂಳೆ ಮುರಿದಿದೆ ಎಂದು ಬಂದರೆ ಬೇರೆ ಸೆಕ್ಷನ್ ಸೇರುತ್ತದೆ. ಆಗ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ನೋಟಿಸಿಗೆ ಹೋಗಿ. ಅದು ಬಿಎನ್‌ಎಸ್‌ಎಸ್ (ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 35(3)ರ ನೋಟಿಸ್ ಆಗಿದ್ದರೆ, ಹೇಳಿದ ದಿನ ಹಾಜರಾಗುವವರನ್ನು ಬಂಧಿಸಬೇಕಾದರೆ ಪೊಲೀಸರು ಕಾರಣ ಬರೆದಿಡಬೇಕು. ಹೋಗದೆ ಇದ್ದರೆ ನೀವೇ ಆ ಕಾರಣ ಕೊಟ್ಟಂತೆ. ನೋಟಿಸ್ ಮುಟ್ಟಿದ್ದಕ್ಕೆ ಸಹಿ ಹಾಕಬಹುದು. ತನಿಖೆಯಲ್ಲಿ ಬರೆದುಕೊಳ್ಳುವ ಹೇಳಿಕೆಗೆ ಸಹಿ ತೆಗೆದುಕೊಳ್ಳುವಂತಿಲ್ಲ. ಖಾಲಿ ಹಾಳೆಗಂತೂ ಯಾರು ಎಷ್ಟೇ ಪ್ರೀತಿಯಿಂದ ಕೇಳಿದರೂ ಸಹಿ ಬೇಡ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಾಗಿಲ್ಲ. ಸಂವಿಧಾನದ 20(3)ನೇ ವಿಧಿ ಕೊಟ್ಟ ರಕ್ಷಣೆ ಅದು.

ಇನ್ನು ದಂಡದ ವಿಷಯ. ನಿಮ್ಮ ಊರಿನವರು ಕೊಟ್ಟ ಸಲಹೆ ನನಗೆ ಜೈಲಿಗಿಂತ ಜಾಸ್ತಿ ಭಯ ಹುಟ್ಟಿಸಿತು. ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಂಡು ಐನೂರೋ ಸಾವಿರವೋ ಕಟ್ಟಿದರೆ ಕೇಸು ಆ ದಿನವೇ ಮುಗಿಯಬಹುದು. ಆದರೆ ಅದು ಮುಗಿಯುವುದು ‘ಅಪರಾಧಿ’ ಎಂಬ ತೀರ್ಪಿನಿಂದ. ದಂಡವೂ ಶಿಕ್ಷೆಯೇ ಅಲ್ವಾ? ಮುಂದೆ ನಿಮ್ಮ ತಮ್ಮ ನೌಕರಿಯ ಅರ್ಜಿ ತುಂಬುವಾಗ ‘ಶಿಕ್ಷೆಯಾಗಿದೆಯೇ’ ಎಂಬಲ್ಲಿ ಹೌದು ಎಂದೇ ಬರೆಯಬೇಕಾಗುತ್ತದೆ.

ಇದಕ್ಕಿಂತ ರಾಜಿ ಮೇಲು. ನಿಮ್ಮ ಈ ನಾಲ್ಕೂ ಸೆಕ್ಷನ್‌ಗಳು ರಾಜಿಗೆ ಬರುತ್ತವೆ. ದೂರು ಕೊಟ್ಟವರು, ಪೆಟ್ಟು ತಿಂದವರು ಒಪ್ಪಿ ಕೋರ್ಟಿನಲ್ಲಿ ಹೇಳಿದರೆ ಬಿಎನ್‌ಎಸ್‌ಎಸ್ 359ರ ಪ್ರಕಾರ ಅದಕ್ಕೆ ಖುಲಾಸೆಯ ಬೆಲೆ. ಲೋಕ ಅದಾಲತ್‌ನಲ್ಲೂ ಮಾಡಿಕೊಳ್ಳಬಹುದು. ನೀವೂ ಅವರ ಮೇಲೆ ಕೌಂಟರ್ ಕೇಸ್ ಹಾಕಿದ್ದರೆ ಎರಡನ್ನೂ ಒಂದೇ ದಿನ ಮುಗಿಸಿ. ಒಂದು ಉಳಿದರೆ ಮನಸ್ತಾಪವೂ ಉಳಿಯುತ್ತದೆ. ಊರ ಹಿರಿಯರ ಮುಂದೆ ಬಾಯಿಮಾತಲ್ಲಿ ಆದ ರಾಜಿ ಸಾಲದು. ಅದು ಕೋರ್ಟಿನ ದಾಖಲೆಗೆ ಹೋಗಬೇಕು.

ರಾಜಿಯಾದ ಮಾತ್ರಕ್ಕೆ ಪೊಲೀಸ್ ನೌಕರಿ ಖಾತ್ರಿ ಎಂದು ಮಾತ್ರ ನಾನು ಹೇಳಲಾರೆ. ನೇಮಕಾತಿಯವರು ಕೇಸಿನ ಸ್ವರೂಪವನ್ನು ನೋಡುತ್ತಾರೆ. ಆದರೆ ಮುಚ್ಚಿಡುವುದು ಬೇಡ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಕೇಳಿದ ಮಾಹಿತಿ ನಿಜವಾಗಿರಬೇಕು. ಸಣ್ಣ ಕೇಸನ್ನು ಅಧಿಕಾರಿಗಳು ಮನ್ನಿಸಬಹುದು, ಮುಚ್ಚಿಟ್ಟರೆ ಅದೇ ಕಾರಣಕ್ಕೆ ನೌಕರಿ ಹೋಗಬಹುದು.

ಚಾರ್ಜ್‌ಶೀಟ್ ಆಗಿ ಸಮನ್ಸ್ ಬಂದರೆ ಹಿಯರಿಂಗ್ ತಪ್ಪಿಸಬೇಡಿ. ಸಣ್ಣ ಕೇಸು ಅಂತ ಸುಮ್ನೆ ಕೂತವರ ಮನೆಗೇ ವಾರಂಟ್ ಬರುವುದು. ಹೋಗಲು ಆಗದಿದ್ದರೆ ವಕೀಲರು ಅಂದಿಗೆ ವಿನಾಯಿತಿ ಅರ್ಜಿ ಹಾಕುತ್ತಾರೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಆದಾಯ ಮಿತಿಯೊಳಗಿದ್ದರೆ ಉಚಿತ. ಮಹಿಳೆಯರು, ಪರಿಶಿಷ್ಟರು, ಬಂಧನದಲ್ಲಿರುವವರಿಗೆ ಆ ಮಿತಿಯೂ ಇಲ್ಲ.

ಕೇಸು ಹೇಗೇ ಮುಗಿದರೂ ಬದು ಎಲ್ಲಿದೆ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ. ನಾಡಕಚೇರಿಗೆ ಹೋಗಿ ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸಲು, ಅರ್ಜಿ ಕೊಡಿ. ಸರ್ವೆಯವರು ಅಳೆಯಲು ಬಂದ ದಿನ ಪಕ್ಕದ ಜಮೀನಿನವರೂ ಅಲ್ಲಿರುವಂತೆ ನೋಡಿಕೊಳ್ಳಿ.